ತೊಳೆಮನೆಯ ಹಿಂಬಾಗಿಲು

ತೊಳೆಮನೆ,
ಮಾರ್ಚ್ ೧೨, ಬುಧವಾರ ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಮಂಡಿ ಹೇಗಿದೆ? ಆಪರೇಷನ್ ಆದ ಕಾಲಿಗೆ ವ್ಯಾಯಾಮ ಮಾಡಿಸಲು ಬರುವ ಆಕೆಯನ್ನು ನೀನು ಬೈದು ಕಳಿಸಿದೆಯೆಂದು ನಿನ್ನ ಮಗಳು ಹೇಳಿದಳು. ಊರವರನ್ನೆಲ್ಲ ಕೈಹಿಡಿದು ನಡೆಸಿದವಳಿಗೆ ಇನ್ನೊಬ್ಬರ ಕೈ ಹಿಡಿಯುವುದು ಕಷ್ಟವೇ, ಒಪ್ಪುತ್ತೇನೆ. ಆದರೂ ಇನ್ನೊಂದು ತಿಂಗಳು ಅವಳ ಮಾತು ಕೇಳು. ಭಾವನವರ ಕೆಮ್ಮು ಇಳಿಯಿತೇ? ಫೋನ್ ಬಿಟ್ಟು ಇವಳೇಕೆ ಪತ್ರ ಬರೆಯುತ್ತಿದ್ದಾಳೆ ಎಂದು ನೀನು ಹುಬ್ಬೇರಿಸುತ್ತಿರುವುದು ನನಗೆ ಇಲ್ಲಿಂದಲೇ ಕಾಣುತ್ತಿದೆ. ಫೋನಿನಲ್ಲಿ ನನ್ನ ಒಂದು ಹಲೋ ಕೇಳಿಯೇ ನೀನು "ಏನಾಯ್ತೇ?" ಅನ್ನುತ್ತೀ. ಆಮೇಲೆ ನನಗೆ ಯಾವುದನ್ನೂ ಸರಿಯಾಗಿ ಹೇಳಲಾಗುವುದಿಲ್ಲ.

ಮೀಯಲು, ಬಟ್ಟೆ ಒಗೆಯಲು ಮನೆಯಲ್ಲಿ ನೀರಿಲ್ಲದವರಿಗೆಂದು ನೀನು ತೆರೆದ ತೊಳೆಮನೆ ನಡೆಯುತ್ತಿದೆ. ಮೂಲೆಯ ಮೆಷಿನ್ ಈಗಲೂ ನೀರು ಹಿಂಡುವಾಗ ಕುಣಿಯುತ್ತದೆ, ಯಾರಾದರೂ ಅದರ ಮೇಲೆ ಕೂತರೆ ಸುಮ್ಮನಾಗುತ್ತದೆ. ಮೀನು ಮಾರುಕಟ್ಟೆಯಿಂದ ಬರುವ, ನೀನು ದೊರೆಸಾನಿ ಎಂದು ಹೆಸರಿಟ್ಟವಳೇ ಆ ಸಿಂಹಾಸನಕ್ಕೆ ಕಾಯಂ ಆಗಿದ್ದಾಳೆ. ಸ್ನಾನದ ಕೋಣೆಗಳ ಮುಂದೆ ಬೆಳಿಗ್ಗೆ ಸಾಲು ಈಗ ಉದ್ದವಾಗಿದೆ. ಹಿಂದಿನ ಓಣಿಯ ಒಂಟಿಕೋಣೆಗಳಿಗೆ ನೀರು ಬಿಡುವುದನ್ನು ಇನ್ನಷ್ಟು ಕಡಿಮೆ ಮಾಡಿದ್ದಾರಂತೆ. ಇಸ್ತ್ರಿ ಮೇಜಿಗೆ ಹೊಸ ಬಟ್ಟೆ ಹೊದಿಸಿದ್ದೇನೆ. ನೀನು ಆರಿಸುತ್ತಿದ್ದ ಬಣ್ಣ ಅಲ್ಲ, ಬೈಯಬೇಡ.

ಇನ್ನು ದತ್ತಿನಿಧಿಯ ವಿಷಯ. ನಮ್ಮ ಬಾಡಿಗೆ, ನೀರು, ಕರೆಂಟು ಎಲ್ಲವನ್ನೂ ಹೊತ್ತಿರುವವರು ಅವರೇ ಎಂದು ನಿನಗೆ ಹೇಳಬೇಕಿಲ್ಲ. ಈ ವರ್ಷ ನಮ್ಮಂಥ ಸಣ್ಣ ಸಂಸ್ಥೆಗಳ ಅರ್ಜಿ ಬಹಳ ಬಂದಿದ್ದರಿಂದ ಒಂದೊಂದನ್ನೂ ನೋಡಿಯೇ ಕೊಡುತ್ತಾರಂತೆ. ಹೋದ ವಾರ ಅವರ ಕಚೇರಿಯ ಒಬ್ಬಳು ಬಂದಿದ್ದಳು. ಒಳ್ಳೆಯ ಹುಡುಗಿ, ಕೇಳಿದ್ದನ್ನೆಲ್ಲ ಶ್ರದ್ಧೆಯಿಂದ ಬರೆದುಕೊಂಡಳು. ಬಂದದ್ದು ಮಧ್ಯಾಹ್ನ. ನಮ್ಮವರೆಲ್ಲ ಸ್ನಾನ ಮಾಡಿ, ಇಸ್ತ್ರಿ ಬಟ್ಟೆ ಹಾಕಿಕೊಂಡು, ತಲೆ ಬಾಚಿಕೊಂಡು ಮಿಕ್ಕ ಬಟ್ಟೆ ಒಣಗಲೆಂದು ಕೂತಿದ್ದರು. ಅವಳು ಸುತ್ತ ನೋಡಿ ನನ್ನ ಕಡೆ ಬಾಗಿ ಮೆಲ್ಲನೆ ಕೇಳಿದಳು, "ಇವತ್ತು ಫಲಾನುಭವಿಗಳು ಯಾರೂ ಬಂದಿಲ್ವಾ ಮೇಡಂ?" ದೊರೆಸಾನಿ ಹಲ್ಲಿನಲ್ಲಿ ಹೇರ್‌ಪಿನ್ ಕಚ್ಚಿಕೊಂಡೇ, "ಬಂದಿದೀವಲ್ಲಮ್ಮ, ನಿನ್ ಪಕ್ಕದಲ್ಲೇ ಕೂತಿದೀವಿ," ಎಂದಳು. ಎಲ್ಲರೂ ನಕ್ಕರು. ಹುಡುಗಿಯ ಕಿವಿ ಕೆಂಪಾಯಿತು. ನಾನೂ ನಕ್ಕೆ. ನನಗೆ ಮೊದಲು ಬಂದದ್ದು ಹೆಮ್ಮೆ. ಹೆದರಿಕೆ ಬಂದದ್ದು ಅವಳು ಹೋದ ಮೇಲೆ.

ಸೋಮವಾರ ಪತ್ರ ಬಂತು. ನಮ್ಮಲ್ಲಿ ಅಗತ್ಯ ಸ್ಪಷ್ಟವಾಗಿ ಕಾಣುತ್ತಿಲ್ಲವಂತೆ. ನಿಧಿಯ ಅಧ್ಯಕ್ಷೆಯೇ ಶುಕ್ರವಾರ ಬೆಳಿಗ್ಗೆ, ಜನ ಒಳಗೆ ಬರುವ ಹೊತ್ತಿಗೆ ಬಂದು ನೋಡುತ್ತಾರೆ, ತೊಳೆಯುವ ಮುಂಚಿನ ಮತ್ತು ಆಮೇಲಿನ ಫೋಟೋಗಳೂ ಬೇಕು. ಇಲ್ಲವಾದರೆ ಹಣ ಬೇರೊಂದು ಸಂಸ್ಥೆಗೆ. ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಆಕೆಯ ಕುರ್ಚಿಯಲ್ಲಿ ನಾನಿದ್ದಿದ್ದರೆ ಇಸ್ತ್ರಿ ಮಾಡಿದ ಅಂಗಿಯೊಳಗಿನ ಬಡತನವನ್ನು ನಂಬುತ್ತಿದ್ದೆನೇ? ಅರ್ಜಿಯನ್ನು ಇಂಗ್ಲಿಷಿನಲ್ಲಿ ಬರೆದವಳು ನಾನೇ. ಅಲ್ಲಿ ಅಷ್ಟು ಸಲೀಸಾಗಿ ಬಂದ ಮಾತುಗಳನ್ನು ಇಲ್ಲಿ ದೊರೆಸಾನಿಯ ಎದುರು ಓದಬೇಕಾದರೆ ನನ್ನ ನಾಲಿಗೆ ಏಳುವುದಿಲ್ಲ.

ನೀನು ಈ ಜಾಗ ಹಿಡಿದಾಗ, ಕೊಳೆಯಲ್ಲಿ ಬರುವವರು ಓಣಿಯಿಂದಲೇ ಒಳಗೆ ಬರಲೆಂದು ಗೋಡೆ ಒಡೆಸಿ ಹಿಂಬಾಗಿಲು ಇಡಿಸಲು ಹಟ ಹಿಡಿದೆ, ಅದು ದಂಡದ ಖರ್ಚೆಂದು ನಾನು ಜಗಳವಾಡಿದೆ. "ಕೊಳೆ ಇರೋ ಹೊತ್ತಲ್ಲಿ ಯಾರೂ ಯಾರನ್ನೂ ನೋಡಬಾರದು ಕಣೇ. ಮಿಕ್ಕ ಹೊತ್ತಲ್ಲಿ ಕಣ್ತುಂಬ ನೋಡ್ಲಿ," ಅಂದಿದ್ದೆ. ದೊರೆಸಾನಿ ನಸುಕಿನಿಂದ ಮೀನು ಕೊಯ್ದು ಬರುವಾಗ ಬಸ್ಸಿನಲ್ಲಿ ಅವಳ ಪಕ್ಕದ ಸೀಟು ತಾನಾಗಿಯೇ ಖಾಲಿಯಾಗುತ್ತದೆ. ಇಲ್ಲಿ ಮಿಂದು, ಬಟ್ಟೆ ಬದಲಿಸಿ, ಮಕ್ಕಳ ಆಸ್ಪತ್ರೆಗೆ ನೆಲ ಒರೆಸಲು ಹೋಗುತ್ತಾಳೆ. ಮೀನಿನ ಸಂಗತಿ ಅಲ್ಲಿ ಯಾರಿಗೂ ಗೊತ್ತಿಲ್ಲ. ಗೊತ್ತಾಗಿ, ಯಾವ ತಾಯಿಯಾದರೂ ಮೂಗು ಮುಚ್ಚಿಕೊಂಡರೆ, ಆ ಕೆಲಸವೂ ಹೋದಂತೆಯೇ.

ನಮ್ಮ ಲೆಕ್ಕದವರಿಗೆ ಇದೆಲ್ಲ ಅತಿ ಅನ್ನಿಸುತ್ತದೆ. "ಒಂದ್ ಬೆಳಿಗ್ಗೆ ತಾನೇ? ಮರ್ಯಾದೆ ನೋಡ್ತಾ ಕೂತ್ರೆ ಬಾಡಿಗೆ ಯಾರು ಕಟ್ತಾರೆ?" ಎಂದರು. ಸಂಬಳವಿಲ್ಲದೆ ನಮ್ಮ ಲೆಕ್ಕ ನೋಡುವ ಮನುಷ್ಯ, ಅವರ ಮಾತು ತಳ್ಳಿಹಾಕುವಂಥದ್ದಲ್ಲ. ಜಾಗದ ಯಜಮಾನರು ಎರಡು ಸಲ ಬಂದು ಗೋಡೆ ತಟ್ಟಿ ನೋಡಿ ಹೋದರು. ಮೊಬೈಲ್ ಅಂಗಡಿಯವರಾರೋ ಕೇಳುತ್ತಿದ್ದಾರಂತೆ. ತೊಳೆಮನೆ ಮುಚ್ಚಿದರೆ ಇವರೆಲ್ಲ ಯಾವ ಮರ್ಯಾದೆಯನ್ನು ಎಲ್ಲಿ ಕಾಪಾಡಿಕೊಳ್ಳಬೇಕು? ಹೀಗೆ ಯೋಚಿಸಿದಾಗ ಲೆಕ್ಕದವರೇ ಸರಿ ಅನ್ನಿಸುತ್ತದೆ. ಮರುಕ್ಷಣ ಸಾಲಿನಲ್ಲಿ ನಿಂತವರ ಮುಖದ ಮುಂದೆ ಕ್ಯಾಮೆರಾ ಹಿಡಿದದ್ದು ಕಣ್ಣಿಗೆ ಕಟ್ಟುತ್ತದೆ. ನೀನಿದ್ದಿದ್ದರೆ ಇಷ್ಟು ಹೊತ್ತಿಗೆ ಯಾರನ್ನಾದರೂ ಬೈದು ಮುಗಿಸಿರುತ್ತಿದ್ದೆ. ನನಗೆ ಬೈಯಲು ಯಾರೂ ಸಿಗುತ್ತಿಲ್ಲ.

ಇದನ್ನೇ ತಲೆಯಲ್ಲಿಟ್ಟುಕೊಂಡು ರಕ್ತದೊತ್ತಡ ಏರಿಸಿಕೊಳ್ಳಬೇಡ. ಭಾವನವರಿಗೆ ನಮಸ್ಕಾರ, ಮಗಳಿಗೆ ಪ್ರೀತಿ, ನಿನ್ನ ಮಂಡಿಗೆ ನನ್ನ ಕಡೆಯಿಂದ ಒಂದಿಷ್ಟು ಬುದ್ಧಿವಾದ.

ನಿನ್ನ,
ತಂಗಿ

ತಾ.ಕ.: ಅಕ್ಕಾ, ಹೇಳಬೇಕಾದದ್ದನ್ನು ಬಿಟ್ಟು ಎಲ್ಲವನ್ನೂ ಬರೆದಿದ್ದೇನೆ. ನಿನ್ನೆ ಎಲ್ಲರನ್ನೂ ಕೂರಿಸಿ ಪತ್ರದ ವಿಷಯ ಹೇಳಿದೆ. ಕೊನೆಗೆ ದೊರೆಸಾನಿ, "ಬರ್ಲಿ ಬಿಡಿ. ಆದ್ರೆ ಅವರೂ ಹಿಂಬಾಗಿಲಿಂದ ಬರ್ಲಿ. ಅವರ್ ಮನೆ ಕೊಳೆಬಟ್ಟೆ ಗಂಟು ಕಟ್ಕೊಂಡು ಬಂದು ನಮ್ ಸಾಲಲ್ಲಿ ನಿಂತ್ಕೊಳ್ಲಿ. ಅವರದ್ದು ನಾವ್ ನೋಡ್ತೀವಿ, ನಮ್ದು ಅವರು ನೋಡ್ಲಿ," ಎಂದಳು. ಇಸ್ತ್ರಿ ಮಾಡುತ್ತಿದ್ದವರೂ ಕೈ ಬಿಟ್ಟು ನಕ್ಕರು. ಅದು ತಮಾಷೆಯೆಂದು ಎಲ್ಲರಿಗೂ ಗೊತ್ತಿತ್ತು. ನಾನು ಇವತ್ತು ಬೆಳಿಗ್ಗೆ ಅದನ್ನೇ, ನಮ್ಮ ಷರತ್ತೆಂದು, ಕ್ಯಾಮೆರಾ ಬೇಡವೆಂದೂ ಸೇರಿಸಿ, ಅಧ್ಯಕ್ಷೆಗೆ ಬರೆದು ಕಳಿಸಿಬಿಟ್ಟೆ. ಅವರು ಓದಿದ್ದಾರೆ, ಫೋನಿನಲ್ಲಿ ಗುರುತು ಬಂದಿದೆ. ಉತ್ತರವಿಲ್ಲ. ದೊರೆಸಾನಿಗೆ ಇನ್ನೂ ಹೇಳಿಲ್ಲ, ಲೆಕ್ಕದವರಿಗೂ ಹೇಳಿಲ್ಲ. ಅದು ಧೈರ್ಯವೋ ತಲೆತಿರುಕತನವೋ ನನಗೇ ತಿಳಿಯುತ್ತಿಲ್ಲ, ಹಿಂದಕ್ಕೆ ತೆಗೆದುಕೊಳ್ಳಲು ಮನಸ್ಸೂ ಬರುತ್ತಿಲ್ಲ. ಈ ಪತ್ರ ನಿನ್ನ ಕೈಸೇರುವ ಹೊತ್ತಿಗೆ ಶುಕ್ರವಾರ ಕಳೆದಿರುತ್ತದೆ. ಅಂದು ಯಾರೂ ಬರದೇ ಹೋಗಿದ್ದರೆ ನಿನ್ನ ತೊಳೆಮನೆಯನ್ನು ಮುಚ್ಚಿಸಿದವಳು ನಾನು. ಅದನ್ನು ನೀನು ಬೇರೆಯವರ ಬಾಯಿಂದ ಕೇಳಬಾರದೆಂದೇ ಈ ಪತ್ರ.