ನನ್ನ ಮ್ಯಾನೇಜರಿಗೆ ನೀವು ಮಾಡಿದ ಫೋನು

ಅಪ್ಪಾ,

ಊಟ ಒಲೆ ಮೇಲಿದೆ, ಬಿಸಿ ಮಾಡ್ಕೊಳ್ಳಿ. ಬಿಪಿ ಮಾತ್ರೆ ತಗೊಳ್ಳಿ. ಈ ಚೀಟಿ ಓದಿ ನನ್ನ ಮೇಲೆ ಸಿಟ್ಟು ಬಂದ್ರೂ ಅದನ್ನ ಬಿಡಬೇಡಿ.

ನನ್ನ ಮ್ಯಾನೇಜರಿಗೆ ಫೋನ್ ಮಾಡಿ "ಮಗಳು ಸೂಕ್ಷ್ಮ, ಜಾಸ್ತಿ ಕೆಲಸ ಹೇರಬೇಡಿ" ಅಂದ್ರಂತೆ. ಯಾರು ಕೇಳಿದ್ರು ನಿಮ್ಮನ್ನ? ಕಾಲೇಜಿನವರು ಆರು ತಿಂಗಳು ಕಂಪನಿಗೆ ಕಳಿಸಿರೋದು ಕೆಲಸ ಕಲಿಯೋಕೆ, ತೊಟ್ಟಿಲಲ್ಲಿ ಮಲಗೋಕಲ್ಲ.

ಕಂಪನಿಯ ಆ್ಯಪ್ ಪದೇ ಪದೇ ಯಾಕೆ ನಿಂತುಹೋಗುತ್ತೆ ಅಂತ ಮೂರು ವಾರ ಕೋಡ್ ಜಾಲಾಡಿ ಕಂಡುಹಿಡಿದವಳು ನಾನು. ನಿಮ್ಮ ಫೋನ್ ಬಂದಿದ್ದೇ ತಡ, ಅದನ್ನ ಎಲ್ಲರೆದುರು ವಿವರಿಸೋ ಕೆಲಸ ಪಕ್ಕದ ಸೀಟಿನವನ ಪಾಲಾಯ್ತು. "ನೀರು ಕುಡಿಯೋಕೂ ಅಪ್ಪನ್ನ ಕೇಳ್ತೀಯಾ?" ಅಂದ ಅವನು. ಇಡೀ ಟೀಮ್ ನಕ್ತು. ಉಪಕಾರ ಮಾಡೋಕೆ ಹೋಗಿ ನನ್ನ ಮರ್ಯಾದೆ ಮಣ್ಣುಪಾಲು ಮಾಡಿದ್ರಿ.

ನಿನ್ನೆ ಸಂಜೆ ಮ್ಯಾನೇಜರ್ ಎದುರು ನಿಂತು "ಸರ್, ಫೋನ್ ಮಾಡಿದ್ದು ಅಪ್ಪ, ಕೆಲಸಕ್ಕೆ ಬಂದಿರೋದು ನಾನು" ಅಂದೆ. ಒಪ್ಪಿದ್ರು. ಇವತ್ತು ಹನ್ನೊಂದು ಗಂಟೆಗೆ ನಾನೇ ವಿವರಿಸ್ತೀನಿ.

ಪ್ಲಂಬರ್ ಬರ್ತಾನೆ, ಸೋರೋ ಸಿಂಕ್ ತೋರಿಸಿ. ಬೇಕಿದ್ರೆ ಅವನಿಗೆ ಬುದ್ಧಿ ಹೇಳಿ, ಆಫೀಸಿನವರಿಗೆ ಬೇಡ.

ಎಲ್ಲರೆದುರು ನನ್ನ ಮಾತು ತೊದಲಿದ್ರೆ ತೊದಲಲಿ. ಅದು ನನ್ನ ಮಾತು.