ತೊಳೆದಿಟ್ಟ ಪಾತ್ರೆ

ಆರ್ಡಿಸ್,

ಹೇಗಿದ್ದೀಯ ಎಂದು ಕೇಳಿ ಈ ಪತ್ರ ಶುರು ಮಾಡುವ ಹಕ್ಕು ನನಗಿಲ್ಲ. ನಿನ್ನನ್ನು ಬಿಟ್ಟು ಬಂದ ಗುಡಿಸಲು ಏಪ್ರಿಲಿನಲ್ಲಿ ಸರೋವರದ ಮಂಜುಗಡ್ಡೆ ಒಡೆದಾಗ ಮುಳುಗಿತು. ಅಡುಗೆಮನೆಯ ಕಿಟಕಿಯಿಂದ ನೋಡಿದೆ. ಹಿಂದೆಲ್ಲ ಹಳೇ ಕಾರೊಂದನ್ನು ಮಂಜುಗಡ್ಡೆಯ ಮೇಲೆ ನಿಲ್ಲಿಸಿ, ಅದು ಯಾವತ್ತು ಮುಳುಗುತ್ತದೆ ಎಂದು ಊಹಿಸುವ ಆಟ ಆಡುತ್ತಿದ್ದೆವಲ್ಲ, ಈಗ ಗುಡಿಸಲುಗಳ ಮೇಲೆ ಆಡುತ್ತೇವೆ. ದಿನ ಸರಿಯಾಗಿ ಹೇಳಿದ ಹಾರ್ಲನ್‌ಗೆ ಚರ್ಚಿನಲ್ಲಿ ಚಪ್ಪಾಳೆ ಬಿತ್ತು. ನಾನೂ ತಟ್ಟಿದೆ.

ನಮ್ಮೂರಲ್ಲಿ ಯಾರೂ ಯಾರನ್ನೂ ಕೊಲ್ಲುವುದಿಲ್ಲ. ಮನೆ ಬೆಚ್ಚಗಿಡುವ ಗ್ಯಾಸ್ ನಿಂತ ಮೇಲೆ ಈ ಮಾತನ್ನು ಎಷ್ಟು ಸಲ ಹೇಳಿಕೊಂಡಿದ್ದೇವೋ. ಚಳಿಗಾಲದ ರಾತ್ರಿಗಳಲ್ಲಿ ಬೆಚ್ಚಗಿಡಲು ಆಗುವುದು ಶಾಲೆಯ ಹಾಲ್ ಒಂದನ್ನೇ. ಅಲ್ಲಿ ತೊಂಬತ್ತು ಹಾಸಿಗೆ. ಹಾಸಿಗೆ ಸಿಗದವರಿಗೆ ಹೆಪ್ಪುಗಟ್ಟಿದ ಸರೋವರದ ಮೇಲೆ ಮೀನು ಹಿಡಿಯಲು ಕಟ್ಟಿದ ಗುಡಿಸಲು, ಒಂದು ಒಲೆ, ಎರಡು ದಿನದ ಸೌದೆ.

"ಮನೆ ಕೊಡ್ತಿದೀವಿ, ಒಲೆ ಕೊಡ್ತಿದೀವಿ. ಇನ್ನೇನ್ ಮಾಡೋಕಾಗುತ್ತೆ, ನೀವೇ ಹೇಳಿ?" ಎಂದು ಹಾಸಿಗೆ ಸಿಗದವರ ಹೆಸರು ಓದುವ ಪ್ರತಿ ಸಭೆಯಲ್ಲೂ ಹಾರ್ಲನ್ ಕೇಳುತ್ತಾನೆ. ನಾವು ಕಾಫಿ ಚೆನ್ನಾಗಿದೆ ಎನ್ನುತ್ತೇವೆ.

ಒಂದು ಕೈ ಸಾಕಿತ್ತು, ಆರ್ಡಿಸ್. ಒಬ್ಬರು ಕೈ ಎತ್ತಿ, ತಮ್ಮ ಹಾಸಿಗೆಯನ್ನು ಸರದಿಯ ಮೇಲೆ ಹಂಚಿಕೊಳ್ಳುತ್ತೇನೆ ಎಂದರೆ ಆ ಹೆಸರನ್ನು ಕೈಬಿಡುತ್ತಾರೆ. ಹಾರ್ಲನ್ ನಿನ್ನ ಹೆಸರು ಓದಿದ. ಸೊಂಟ ಮುರಿದಿದೆ, ಇನ್ನು ಕೆಲಸ ಆಗುವುದಿಲ್ಲ ಎಂದ. ಆಮೇಲೆ ನನ್ನತ್ತ ನೋಡಿದ. ನಲವತ್ತು ವರ್ಷ ಅಕ್ಕಪಕ್ಕದ ಮನೆಯವರು ನಾವು. ನನ್ನ ಕೈ ಕೋಟಿನ ಜೇಬಿನಲ್ಲೇ ಇತ್ತು. ನನ್ನ ಎದೆ ಸರಿಯಿಲ್ಲ, ಹಾಸಿಗೆ ಹಂಚಿಕೊಂಡರೆ ಇಬ್ಬರೂ ಉಳಿಯುವುದಿಲ್ಲ ಎಂದುಕೊಂಡೆ. ಅದು ಸುಳ್ಳೂ ಆಗಿರಲಿಲ್ಲ.

"ಚಳಿಗೆ ನೋವೇ ಗೊತ್ತಾಗಲ್ವಂತೆ ಕಣೆ, ನಿದ್ದೆ ಬಂದ ಹಾಗಂತೆ," ಎಂದು ಪಕ್ಕದಲ್ಲಿ ಕೂತಿದ್ದ ಡೆಲೋರಿಸ್ ನನ್ನ ಕಿವಿಯಲ್ಲಿ ಹೇಳಿದಳು. ನಾನು ಅವಳಿಗೆ ಥ್ಯಾಂಕ್ಸ್ ಹೇಳಿದೆ.

ಸಭೆ ಮುಗಿದ ಐದೇ ನಿಮಿಷಕ್ಕೆ ನಿನ್ನ ಬಾಗಿಲು ತಟ್ಟಿದೆ. ದುಃಖದ ಮನೆಗೆ ಬೇಯಿಸಿದ ಊಟ ಒಯ್ಯುವುದು ನಮ್ಮ ಅಮ್ಮಂದಿರ ಕಾಲದ ರೂಢಿಯಲ್ಲವೇ. ಆಲೂಗಡ್ಡೆ, ಮಾಂಸ, ಮೇಲೆ ಈರುಳ್ಳಿ. ಪಾತ್ರೆಯ ತಳಕ್ಕೆ ನನ್ನ ಹೆಸರಿನ ಚೀಟಿ ಅಂಟಿಸಿದ್ದೆ, ತಪ್ಪದೆ ವಾಪಸು ಬರಲಿ ಎಂದು. ನೀನು ಊರುಗೋಲು ಒರಗಿಸಿಟ್ಟು, ಪಾತ್ರೆ ತಗೊಂಡೆ. ಇನ್ನೂ ಹಬೆಯಾಡುತ್ತಿತ್ತು.

"ಇದು ಓವನ್ನಲ್ಲಿ ಒಂದು ಗಂಟೆ ಬೇಯ್ಬೇಕಲ್ವೇನೆ, ಲವೋನ್?" ಎಂದೆ ನೀನು.

ಅಷ್ಟೇ. ಬೈಯಲಿಲ್ಲ. ಸಭೆಗೆ ಹೊರಡುವ ಮುಂಚೆಯೇ ನಾನು ಅದನ್ನು ಸೌದೆಯ ಓವನ್ನಿಗಿಟ್ಟಿದ್ದೆ. ನಿನ್ನ ಹೆಸರು ಓದುವ ಮೊದಲೇ ಈರುಳ್ಳಿ ಹೆಚ್ಚಿದ್ದೆ.

ಮರುದಿನ ನಿನ್ನನ್ನು ಕರೆದೊಯ್ದ ಮೇಲೆ ನೋಡಿದರೆ ಪಾತ್ರೆ ನನ್ನ ಮೆಟ್ಟಿಲ ಮೇಲಿತ್ತು. ನೀನು ಫಳಫಳ ತೊಳೆದಿದ್ದೆ. ಖಾಲಿ ಪಾತ್ರೆ ಹಿಂದಿರುಗಿಸಬಾರದಲ್ಲ, ಒಳಗೆ ಕೈಗವಸು ಇಟ್ಟಿದ್ದೆ, ನಿನ್ನ ಗಂಡ ತೀರಿಕೊಂಡ ವರ್ಷ ನಾನೇ ಹೆಣೆದುಕೊಟ್ಟಿದ್ದು. ಜೊತೆಗೊಂದು ಚೀಟಿ: "ನನಗೆ ಎರಡು ದಿನಕ್ಕೆ ಸೌದೆ ಇದೆ. ನಿನಗೆ ಇಡೀ ಚಳಿಗಾಲ ಇದೆ. ಹಾಕ್ಕೋ."

ನಾನು ಹಾಕಿಕೊಂಡೆ. ಬೆಚ್ಚಗಿತ್ತು. ಇದನ್ನು ಯಾರಿಗೂ ಹೇಳಿಲ್ಲ.

ಈ ವರ್ಷ ನನ್ನ ಕೆಮ್ಮು ಹೆಚ್ಚಾಗಿದೆ. ನಿನ್ನೆ ಹಾರ್ಲನ್ ಬಂದು, "ನಾಳೆ ಸಭೆಗೆ ನೀವು ಬರೋದು ಬೇಡ, ರೆಸ್ಟ್ ತಗೊಳ್ಳಿ," ಎಂದ. ಯಾರ ಹೆಸರು ಓದುತ್ತಾರೋ ಅವರನ್ನು ಕರೆಯುವುದಿಲ್ಲ ಎಂದು ನಿನಗೂ ಗೊತ್ತು. ಈಗ ಭಾನುವಾರ ಬೆಳಿಗ್ಗೆ ಹತ್ತೂವರೆ. ಸಭೆ ಇನ್ನೂ ಶುರುವಾಗಿಲ್ಲ. ಡೆಲೋರಿಸಳ ಅಡುಗೆಮನೆಯಿಂದ ಈರುಳ್ಳಿ ಬೇಯುವ ವಾಸನೆ ಬರುತ್ತಿದೆ.

ಅವಳು ಬಂದಾಗ ಏನೂ ಕೇಳುವುದಿಲ್ಲ. ಉಂಡು, ಪಾತ್ರೆ ತೊಳೆದು, ಒಳಗೆ ಈ ಪತ್ರ ಇಡುತ್ತೇನೆ. ನಿನಗಂತೂ ತಲುಪುವುದಿಲ್ಲ, ಮುಂದಿನ ಸಭೆಗೆ ಮುಂಚೆ ಅವಳಾದರೂ ಓದಲಿ. ಕೈಗವಸನ್ನು ಮಾತ್ರ ಬಿಟ್ಟು ಹೋಗುವುದಿಲ್ಲ. ಅದು ನಿನ್ನದು, ತರುತ್ತಿದ್ದೇನೆ.

ಅಲ್ಲಿಯವರೆಗೆ ನಿನ್ನ ಕೈಗಳನ್ನು ದೇವರು ಬೆಚ್ಚಗಿಟ್ಟಿರಲಿ.

ಕೈ ಎತ್ತದ,
ಲವೋನ್