ಪಟ್ಟಿಯಲ್ಲಿ ಒಂಟೆ

ಜನವರಿ 6, ಸೋಮವಾರ. ಬೆಳಗ್ಗೆ, ವಿಮಾನ ನಿಲ್ದಾಣದ ಗೇಟಿನಲ್ಲಿ
ಮತ್ತೆ ಎರಡನೆಯವಳು. ಬಿಸಿನೆಸ್ ಕ್ಲಾಸಿನಲ್ಲಿ ಖಾಲಿ ಇರುವುದೇ ಒಂದು ಸೀಟು. ಅದನ್ನು ಪುಕ್ಕಟೆ ಕೊಡುವ ಅಪ್‌ಗ್ರೇಡ್ ಪಟ್ಟಿಯಲ್ಲಿ ಮೊದಲು, ಪ್ರತಿ ವಾರದಂತೆ, ಒಂಟೆ. ನಾನಿಟ್ಟ ಹೆಸರು. ಆರಡಿ ಮೀರಿದ ಮನುಷ್ಯ, ವಿಮಾನ ಕಂಪನಿಯ ಪ್ಲಾಟಿನಂ ಕಾರ್ಡು. ನನ್ನದು ಬರೀ ಗೋಲ್ಡ್. "ಅದನ್ನ ಕರಗಿಸಿದ್ರೆ ಗುಂಡುಪಿನ್ನೂ ಆಗಲ್ಲ ಕಣೇ" — ನಮ್ಮ ಮನೆಯವರು.

ಜನವರಿ 13
ಸೊಂಟದ ಡಿಸ್ಕ್ ಜಾರಿದೆಯಂತೆ. ಹೀಗೇ ಪ್ರತಿ ವಾರ ಮೂರು ಗಂಟೆ ಮುದುಡಿ ಕೂತರೆ ಆಪರೇಷನ್ನೇ ಗತಿ, ಕಾಲು ಚಾಚಿ ಒರಗಿ ಹೋಗಿ ಅಂದರು ಡಾಕ್ಟರ್. ಬಾಸ್: "ಬಿಸಿನೆಸ್ ಟಿಕೆಟ್ಟಾ? ಆಗಲ್ಲಮ್ಮ. ಕಷ್ಟ ಆದ್ರೆ ಹೇಳಿ, ಬೇರೆಯವರನ್ನ ಕಳಿಸ್ತೀನಿ." ಬೇರೆಯವರು! ನಾನು ಪ್ರತಿ ವಾರ ಹಾರಿ ಹೋಗುವ ಆ ಆಸ್ಪತ್ರೆಯ ಡಯಾಲಿಸಿಸ್ ಮೆಷಿನ್‌ಗಳನ್ನು ಇಷ್ಟು ವರ್ಷ ರಿಪೇರಿ ಮಾಡುತ್ತ ಮಕ್ಕಳ ಹಾಗೆ ನೋಡಿಕೊಂಡಿದ್ದೇನೆ. ಬಿಡಲಾರೆ. ಆ ಒಂದು ಸೀಟು ಬೇಕು.

ಜನವರಿ 20
ಗೇಟಿನಲ್ಲಿ ಕುರ್ಚಿಯಿಂದ ಏಳಲಾಗಲಿಲ್ಲ. ಹಲ್ಲು ಕಚ್ಚಿ, ಹಿಡಿಕೆ ಹಿಡಿದು... ಒಂಟೆ ನೋಡಿದ. ನೋಡಿಯೂ ಹೋಗಿ ಮುಂದೆ ಆರಾಮಾಗಿ ಕೂತ. ಬೈದದ್ದು ಬರೆಯುವಂಥದ್ದಲ್ಲ.

ಜನವರಿ 27
ಸಿಕ್ಕಿತು! ಪಟ್ಟಿಯಲ್ಲಿ ಒಂಟೆಯೇ ಇಲ್ಲ. ನೆಗಡಿಯೋ ರಜೆಯೋ — ಅಲ್ಲೇ ಇರಲಿ. ಇಳಿದವಳು ನೆಟ್ಟಗೆ ನಡೆದೆ.

ಫೆಬ್ರವರಿ 17
ಪ್ರತಿ ಸೋಮವಾರವೂ ಸಿಗುತ್ತಿದೆ. ಇವತ್ತು ಮುಂದಿನ ಟಾಯ್ಲೆಟ್ ಖಾಲಿ ಇರಲಿಲ್ಲ, ಹಿಂದಕ್ಕೆ ಹೋದೆ. ಕೊನೆಯ ಸಾಲು, ಮಧ್ಯದ ಸೀಟು, ಮೊಣಕಾಲು ಗಲ್ಲಕ್ಕೆ ತಾಗಿಸಿಕೊಂಡು ನಿದ್ದೆ — ಒಂಟೆ! ಗಗನಸಖಿ ಪಿಸುಗುಟ್ಟಿದಳು: "ಗೇಟಲ್ಲೇ ಪಟ್ಟಿಯಿಂದ ತಮ್ಮ ಹೆಸರು ತೆಗೆಸ್ತಾರೆ ಮೇಡಂ. ಆಯಮ್ಮನ ಬೆನ್ನು ಸರಿಹೋಗ್ಲಿ ಅಂತಾರೆ. ನಿಮ್ಮ ಕಣ್ಣಿಗೆ ಬೀಳ್ಬಾರ್ದು ಅಂತ ಹಿಂದಿನ ಬಾಗಿಲಿಂದ ಹತ್ತುತ್ತಾರೆ."
ನನ್ನ ನಾಲಿಗೆಗೆ ಬೆಂಕಿ ಬೀಳಲಿ. ಇನ್ನು "ಅವನು" ಎಂದು ಬರೆಯುವುದಿಲ್ಲ.
ಇಳಿದ ಮೇಲೆ ಕಾದು ನಿಂತು ಹಿಡಿದೆ. "ತುಂಬಾ ಉಪಕಾರ ಆಯ್ತು ಸರ್." "ಅಯ್ಯೋ ಬಿಡಮ್ಮಾ, ಆ ಸೀಟಲ್ಲೂ ನನ್ನ ಕಾಲು ಹಿಡಿಸಲ್ಲ" ಅಂದರು. ಶುದ್ಧ ಸುಳ್ಳು. ಕುಂಟುತ್ತ ಹೋದರು.

ಮಾರ್ಚ್ 24. ವಿಮಾನದಲ್ಲಿ
ಫಿಸಿಯೋ ಮುಗಿಯಿತು. ಆಪರೇಷನ್ ಬೇಡವಂತೆ. ಮೆಷಿನ್‌ಗಳು ನನ್ನ ಕೈಯಲ್ಲೇ ಉಳಿದವು. ಇನ್ನು ಸೀಟು ಅವರಿಗೇ ಸಿಗಲಿ ಅಂತ, ಅವರಿಗೆ ಹೇಳದೆ ಮೊದಲೇ ಬಂದು ಗುಟ್ಟಾಗಿ ನನ್ನ ಹೆಸರು ತೆಗೆಸಿದೆ. ಅವರೂ ಎಂದಿನಂತೆ ತಮ್ಮದನ್ನು... ಸೀಟು ಪಟ್ಟಿಯ ಮೂರನೆಯವನಿಗೆ ಹೋಯಿತು! ನಿಂತಲ್ಲೇ ಆಕಳಿಸುತ್ತಿದ್ದ ಭೂಪ. ಇಬ್ಬರ ಜಗಳದಲ್ಲಿ ಮೂರನೆಯವನಿಗೆ ಲಾಭ ಅನ್ನುತ್ತಾರೆ. ಇಬ್ಬರ ಉಪಕಾರದಲ್ಲೂ ಅಷ್ಟೇ.
ಕೊನೆಯ ಸಾಲಿನಲ್ಲಿ ಅವರ ಪಕ್ಕದ ಸೀಟನ್ನೇ ಕೇಳಿ ಪಡೆದೆ. ಓಡಾಡುವ ದಾರಿಯ ಬದಿಯದು. ಅದನ್ನು ಅವರಿಗೆ ಕೊಟ್ಟು ಮಧ್ಯದಲ್ಲಿ ಕೂತಿದ್ದೇನೆ. ಕಾಲನ್ನು ದಾರಿಗೆ ಚಾಚಿ ನಗುತ್ತಿದ್ದಾರೆ. ನನ್ನ ಬೆನ್ನು ನೋಯುತ್ತಿಲ್ಲ. ಇವರ ಋಣ ಹೇಗೆ ತೀರಿಸಲಿ?
"ಏನಮ್ಮಾ ಅಷ್ಟೊಂದು ಬರೀತಿದ್ದೀಯ?"
ದೇವರೇ, ಇದೇ ಪುಸ್ತಕದ ತುಂಬ ಒಂಟೆ ಒಂಟೆ ಎಂದು ಬರೆದಿದ್ದೇನೆ. ಒಂಟೆಗೆ ಕತ್ತೂ ಉದ್ದ. ಇಣುಕು—